ಮೀನಿನ ಏಕಾದಶಿ

ಪಚ್ಚಕರ್ಪೂರ ಹಾಕಿದ ತೀರ್ಥದ ವಾಸನೆಗೆ ನನಗೆ ಈಗಲೂ ದೇವರಿಗಿಂತ ಮೊದಲು ನೆನಪಾಗುವುದು ಟಿ. ನಗರದ ಮನೆಯ ಕಿಟಕಿಯಲ್ಲಿ ಗಾಜಿನ ಬಟ್ಟಲಲ್ಲಿ ಸಾಕಿದ್ದ ನನ್ನ ಬೆಟ್ಟಾ ಮೀನು.

ಅದರ ಆಹಾರದ ಡಬ್ಬಿಯಲ್ಲಿ ಒಣಸೀಗಡಿ ಇದೆಯೆಂದು ತಿಳಿದ ದಿನವೇ ತಾತ ಡಬ್ಬಿಯನ್ನು ಬೀದಿಗೆ ಎಸೆದಿದ್ದರು. ಮಡಿಯವರ ಮನೆಯಲ್ಲಿ ಮೀನೂ ಮಡಿಯಾಗಿರಬೇಕಂತೆ. ಅಂದಿನಿಂದ ಅದಕ್ಕೆ ನೈವೇದ್ಯದ ಅನ್ನದ ಅಗುಳು, ಮೇಲೊಂದು ಉದ್ಧರಣೆ ತೀರ್ಥ. ಅಗುಳುಗಳು ತಳದಲ್ಲಿ ಉಬ್ಬಿ ನಾರುತ್ತಿದ್ದವು. ಮೀನು ಅವುಗಳ ಪಕ್ಕದಲ್ಲೇ ನೀಲಿ ಚಿಂದಿಯಂತೆ ಬಿದ್ದಿರುತ್ತಿತ್ತು.

ಆ ಮಧ್ಯಾಹ್ನ ತಾತ ಉಪವಾಸದ ಎರಡನೇ ತಟ್ಟೆ ಅವಲಕ್ಕಿ ಮುಗಿಸಿ ತೇಗಿದರು. “ಪಾವಂ, ಇವತ್ತು ಏಕಾದಶಿ ಅಂತ ಅದಕ್ಕೂ ಗೊತ್ತು. ಎಂಥಾ ಪುಣ್ಯಜೀವಿ!”

“ಸೆತ್ತುಡುಂ ತಾತಾ,” ಅಂದೆ ಬೀದಿಯ ತಮಿಳಿನಲ್ಲೇ, ಸತ್ತೇಹೋಗುತ್ತದೆಂಬ ಭಯದಲ್ಲಿ.

“ಮನೇಲಿ ಕನ್ನಡ ಮಾತಾಡು!” ಎಂದು ಗದರಿ ಮಲಗಿದರು.

ಗೊರಕೆ ಶುರುವಾದದ್ದೇ ತಡ, ಅಮ್ಮ ತೀರ್ಥದ ಬೆಳ್ಳಿ ಉದ್ಧರಣೆ ಎತ್ತಿಕೊಂಡು ಬಾಲ್ಕನಿಗೆ ಹೋದಳು. ತುಳಸಿ ಕುಂಡದ ಕೆಳಗಿನ ತಟ್ಟೆಯ ನೀರಲ್ಲಿ ಸೊಳ್ಳೆಮರಿಗಳು ವಿಲವಿಲ ಅನ್ನುತ್ತಿದ್ದವು. ಅವನ್ನು ಮೊಗೆದು ತಂದು ಮೀನಿನ ಬಟ್ಟಲಿಗೆ ಸುರಿದಳು. ಸತ್ತಂತಿದ್ದ ಮೀನು ಬಾಣದಂತೆ ಎದ್ದು ಒಂದನ್ನೂ ಬಿಡದೆ ನುಂಗಿತು.

ತಾತ ಏಳುವ ಹೊತ್ತಿಗೆ ಅದು ರೆಕ್ಕೆ ಬಿಚ್ಚಿ ಸುತ್ತು ಹಾಕುತ್ತಿತ್ತು. “ನೋಡಿದ್ಯಾ? ಎಲ್ಲಾ ತೀರ್ಥದ ಮಹಿಮೆ!” ಎಂದು ಎದುರು ಮನೆಯವರನ್ನೂ ಕರೆದು ತೋರಿಸಿದರು.

“ಹೌದು ಮಾವ,” ಎಂದಳು ಅಮ್ಮ.

ಸಂಜೆ ಜಪ ಮುಗಿಸಿದ ತಾತ, ಏಕಾದಶಿಯಾದ್ದರಿಂದ ಒಂದೇ ಒಂದು ಉದ್ಧರಣೆ ತೀರ್ಥವನ್ನು ಕಣ್ಣು ಮುಚ್ಚಿ, ಸದ್ದು ಮಾಡಿ ಹೀರಿದರು. ಅಮ್ಮ ಆ ಉದ್ಧರಣೆಯನ್ನು ತೊಳೆದದ್ದನ್ನು ನಾನಂತೂ ನೋಡಿರಲಿಲ್ಲ.