ಟೀವಿಗೆ ಕೇಳಿದ್ದು

ರಿಮೋಟಿನ ಮೈಕ್ ಗುಂಡಿಯ ಮೇಲೆ ಸೊಸೆಯ ಬೆರಳು ಹಾಗೇ ನಿಂತಿತು. ಗಂಡ ನಿನ್ನೆ ಟೀವಿಯನ್ನು ಅಪ್‌ಡೇಟ್ ಮಾಡಿದ ಮೇಲೆ, ಮನೆಯವರು ಮೈಕಿನಲ್ಲಿ ಕೇಳಿ ಹುಡುಕಿದ್ದೆಲ್ಲ ಪರದೆಯ ಮೇಲೆ ಸಾಲಾಗಿ ಬರುತ್ತಿತ್ತು. ಪಾಪ, ಅತ್ತೆಗೆ ಅದು ಗೊತ್ತಿರಲಿಲ್ಲ. ಎಲ್ಲಕ್ಕಿಂತ ಮೇಲೆ ಅವರದೇ ಮಾತು ಕೂತಿತ್ತು: "ಸೊಸೆ ಹತ್ರ ಮಾತು ಬಿಟ್ಟಿದ್ದೀನಿ, ಮರ್ಯಾದೆ ಹೋಗ್ದಂಗೆ ಮತ್ತೆ ಶುರು ಮಾಡೋದು ಹೇಗಪ್ಪಾ?"

ಇದೇ ರಿಮೋಟಿಗಾಗಿ ಕಿತ್ತಾಡಿ ಮೊನ್ನೆಯಿಂದ ಇಬ್ಬರೂ ಮುಖ ಊದಿಸಿಕೊಂಡು ಓಡಾಡುತ್ತಿದ್ದರು. ಈಗಲೂ ಅಡುಗೆಮನೆಯಲ್ಲಿ ಅತ್ತೆ ಬೇಕೆಂದೇ ಪಾತ್ರೆ ಕುಕ್ಕುತ್ತಿದ್ದರು.

ಸೊಸೆ ನಗು ನುಂಗಿಕೊಂಡು ಗುಂಡಿ ಒತ್ತಿದಳು. ಅಡುಗೆಮನೆಗೂ ಕೇಳುವಂತೆ, "ನಾನು ಕಾಫಿ ಮಾಡಿದ್ರೆ ಅತ್ತೆ ಕುಡೀತಾರಾ? ಸ್ವಲ್ಪ ಹುಡುಕಿ ಹೇಳು" ಎಂದಳು.

ಪಾತ್ರೆಯ ಸದ್ದು ನಿಂತಿತು. ಒಳಗಿನಿಂದ ಅತ್ತೆಯ ದನಿ ಬಂತು:

"ಸಕ್ಕರೆ ಕಮ್ಮಿ ಇದ್ರೆ ಕುಡೀತಾರೆ ಅಂತ ಹೇಳು, ಆ ಚಾಡಿಕೋರ ಟೀವಿಗೆ!"