ಬೇವಿನ ಮಣೆ

ಪೂಜೆಗೆ ಮುಂಚೆ ನಾಗಲಿಂಗಮ್ಮನವರು ಒಮ್ಮೆ ಒಳಗೆ ಕೂತು ನೋಡಲಿ ಎಂದು ಡ್ರೈವರ್ ಪಾಲಾಕ್ಷ ಹೊಸ ಕಾರಿನ ಬಾಗಿಲು ತೆಗೆದ. ಅಡಿಯಿಂದ ತಗ್ಗಾದ ಮೆಟ್ಟಿಲೊಂದು ತಾನಾಗಿಯೇ ಹೊರಗೆ ಜಾರಿ ಬಂತು. ಮಣೆ ಹಿಡಿದು ಬಗ್ಗಿದ್ದ ಪಾಲಾಕ್ಷ ಬಗ್ಗಿದಂತೆಯೇ ನಿಂತ.

ಸಾಹುಕಾರರ ಮನೆಗೆ ಇದೇ ಹೆಸರಿನ ಮೂರನೆಯ ಕಾರಿದು. ಮೊದಲನೆಯದು ಆನೆಯಷ್ಟು ಎತ್ತರ. ಸಾಹುಕಾರರ ತಾಯಿ ನಾಗಲಿಂಗಮ್ಮನವರಿಗೆ ಹತ್ತಲಾಗದೆ ಪಾಲಾಕ್ಷ ತನ್ನ ಮನೆಯ ಬೇವಿನ ಮಣೆ ತಂದಿಟ್ಟಿದ್ದ. ಎರಡನೆಯದರಲ್ಲಿ ಕಾಲಿಡಲು ಪಟ್ಟಿಯೇನೋ ಇತ್ತು, ಅಷ್ಟೆತ್ತರಕ್ಕೂ ಅವರ ಮೊಣಕಾಲು ಏಳಲಿಲ್ಲ. ಮತ್ತೆ ಮಣೆಯೇ ಆಯಿತು.

"ಆ ಹಲಗಿ ಇನ್ನ ಯಾಕಲೇ, ಒಲಿಗೆ ಹಾಕು," ಎಂದು ಸಾಹುಕಾರ ಗುರುಬಸವರಾಜ ನಕ್ಕರು. ಪಾಲಾಕ್ಷನೂ ನಕ್ಕ, ಆದರೆ ಮಣೆಯನ್ನು ಬೆನ್ನ ಹಿಂದೆ ಸರಿಸಿಕೊಂಡ.

"ತಾ ಇಲ್ಲೆ ಅದನ್ನ," ಎಂದರು ನಾಗಲಿಂಗಮ್ಮ. ಕಾರಿನ ಮುಂದೆ ನಿಂಬೆಹಣ್ಣುಗಳ ಪಕ್ಕದಲ್ಲೇ ಮಣೆ ಇಡಿಸಿ, ಅದರ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. "ಇಷ್ಟು ವರ್ಷ ನನ್ನನ್ನ ಕಾರ್ ಹತ್ತಿಸಿದ್ದು ಇದ. ಮೊದಲು ಇದಕ್ಕ ಆಗ್ಲಿ."

ಬೆರಳಲ್ಲಿ ಉಳಿದ ವಿಭೂತಿಯನ್ನು ಪಾಲಾಕ್ಷನ ಹಣೆಗೆ ಹಚ್ಚಿದರು. ಕಾರಿನ ಸರದಿ ಆಮೇಲೆ ಬಂತು.