ಗುಡ್ಡಗಾಡು ಸಲೂನ್

"ಏನು ಬರೀಲಿ ಯಜಮಾನ್ರೇ?" ಬೋರ್ಡ್ ಬರೆಯುವವನು ಏಣಿಯ ಮೇಲಿಂದ ಕೇಳಿದ.

"ಗುಡ್ಡಗಾಡು ಸಲೂನ್."

ಒಳಗೆ ಖಾಲಿ ಕುರ್ಚಿ ಒರೆಸುತ್ತಿದ್ದ ಹಿರಿಯ ಕೆಲಸಗಾರನ ಕೈ ನಿಂತಿತು. ಅಂಗಡಿಯನ್ನು ನಿನಗೇ ವಹಿಸುತ್ತೇನೆ ಎಂದು ಯಜಮಾನರು ಎಷ್ಟು ಸಲ ಹೇಳಿರಲಿಲ್ಲ? ಈಗ ನೋಡಿದರೆ ಹೋದ ವರ್ಷ ಬಂದವನ ಹೆಸರು ಬಾಗಿಲೇರುತ್ತಿದೆ. ಹೆಸರೂ ಅಲ್ಲ, ಅಡ್ಡಹೆಸರು.

ಪಕ್ಕದ ಕುರ್ಚಿಯ ಬಳಿ ಆ 'ಗುಡ್ಡಗಾಡು', ಗಿರಾಕಿಯೊಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತ, ತಮ್ಮ ಗುಡ್ಡದಲ್ಲಿ ಕರಡಿಗೆ ಕ್ಷೌರ ಮಾಡಿದ ತನ್ನ ತಾತನ ಕಥೆ ಹೇಳುತ್ತಿದ್ದ. ಬೆಂಚಿನಲ್ಲಿ ಕಾಯುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಆ ಗುಡ್ಡದಲ್ಲಿ ಕರಡಿ ಇಲ್ಲ," ಎಂದ ಹಿರಿಯ.

"ನೀವು ಹೋಗಿ ಎಣಿಸಿಕೊಂಡು ಬಂದ್ರಾ ಅಣ್ಣ?" ಎಂದಿತು ಬೆಂಚು.

ಹಿರಿಯ ಬಟ್ಟೆ ಒದರಿ, ಬಾಗಿಲಲ್ಲಿ ನಿಂತಿದ್ದ ಯಜಮಾನರ ಬಳಿಗೆ ಹೋದ.

"ಒಬ್ಬರ ಕುಲ ಹಿಡಿದು ಕರೆಯೋದು ಬೈಗುಳ, ಯಜಮಾನ್ರೇ. ಅದನ್ನ ಬಾಗಿಲಿಗೆ ತೂಗುಹಾಕ್ತೀರಾ?"

"ಬೈಗುಳ ಆಗಿದ್ರೆ ಅವನು ಓಗೊಡ್ತಿದ್ನಾ? ಏನಪ್ಪಾ ಗುಡ್ಡಗಾಡು, ನಿಂಗೆ ಬೇಜಾರಾ?"

"ಪ್ರೀತಿಯಿಂದ ಕರೀತಾರೆ. ನಂಗ್ಯಾಕೆ ಬೇಜಾರು?"

"ಅದೇ ನೋಡು, ನಿಂಗ್ಯಾಕೆ ಬೇಜಾರು," ಎಂದ ಹಿರಿಯ.

ನೊರೆ ಮುಖದವರು ಕನ್ನಡಿಯಲ್ಲೇ ಅವನನ್ನು ನೋಡಿದರು. "ಅವನಿಗಿಲ್ಲದ ಉರಿ ನಿಮಗ್ಯಾಕೆ? ಹೊಟ್ಟೆಕಿಚ್ಚಿಗೆ ನ್ಯಾಯದ ಬಣ್ಣ ಬಳೀಬೇಡಿ."

ಹಿರಿಯನಿಗೆ ಹೊಟ್ಟೆ ಉರಿಯುತ್ತಿದ್ದುದು ನಿಜ. ಆ ಪದ ಕಿವಿಗೆ ಬಿದ್ದಾಗಲೆಲ್ಲ ಅವನ ಬೆನ್ನು ಸೆಟೆಯುತ್ತಿತ್ತು. ಇವನೋ ಅದನ್ನು ಹೊಸ ಅಂಗಿಯಂತೆ ತೊಟ್ಟು ಮೆರೆಯುತ್ತಿದ್ದ.

ಬಿಸಿನೀರಿಗೆಂದು ಗುಡ್ಡಗಾಡು ಹಿಂದಿನ ಕೋಣೆಗೆ ಹೋದಾಗ ಹಿರಿಯನೂ ಹೋಗಿ ಬಾಗಿಲು ಮುಂದೆ ಮಾಡಿದ.

"ನೀನು ಗುಡ್ಡದವನಲ್ಲ."

ಗುಡ್ಡಗಾಡು ಚೊಂಬು ಕೆಳಗಿಟ್ಟು ಬಾಗಿಲತ್ತ ನೋಡಿದ.

"ಮೆತ್ತಗೆ ಅಣ್ಣ. ನಾನು ಗುಡ್ಡ ಕಂಡವನೇ ಅಲ್ಲ. ಯಾರೋ ತಮಾಷೆಗೆ ಹಾಗೆ ಕರೆದ್ರು. ಗಿರಾಕಿಗಳು ಬಂದ್ರು, ಸುಮ್ಮನಾದೆ. ಹೊಟ್ಟೆಪಾಡು." ಚೊಂಬು ಎತ್ತಿಕೊಳ್ಳುತ್ತ ಕೇಳಿದ: "ನಿಮಗೆ ಹೇಗೆ ಗೊತ್ತಾಯ್ತು?"

ಹಿರಿಯ ಬಾಗಿಲು ತೆಗೆದು ಹೊರಗೆ ಬಂದ. ಒಂದು ಮಾತು ಹೇಳಿದರೆ ಸಾಕಿತ್ತು, ಅಂಗಡಿ ತನ್ನದಾಗುತ್ತಿತ್ತು. ಬೋರ್ಡಿನವನು ಕುಂಚವನ್ನು ಬಣ್ಣಕ್ಕೆ ಅದ್ದಿದ್ದ.

"ಇನ್ನೂ ಏನಾದ್ರೂ ಹೇಳೋದಿತ್ತಾ?" ಯಜಮಾನರು ಕೇಳಿದರು.

ಹಿರಿಯ ಬಾಯಿ ತೆರೆದ. ಹೇಳಿದರೆ ಇವರೂ ಕೇಳುತ್ತಾರೆ, ನಿನಗೆ ಹೇಗೆ ಗೊತ್ತಾಯ್ತು ಎಂದು.

"ಏನಿಲ್ಲ. ಬರೀಲಿ ಬಿಡಿ."

ಗುಡ್ಡದಲ್ಲೇ ಹುಟ್ಟಿ, ಅದನ್ನು ಇಷ್ಟು ವರ್ಷ ಯಾರೆದುರೂ ಬಾಯಿಬಿಡದೆ ಬದುಕಿದ್ದ ಆ ಹಿರಿಯ, ತನ್ನ ಜನದ ಹೆಸರು ಇನ್ನೊಬ್ಬನದಾಗಿ ಬಾಗಿಲ ಮೇಲೆ ಮೂಡಿ ಮುಗಿಯುವವರೆಗೂ ಏಣಿ ಹಿಡಿದು ನಿಂತಿದ್ದ.